ಗ್ನು/ಲಿನಕ್ಸ್ ಗಣಕಯಂತ್ರದಲ್ಲಿ ಸಿ.ಡಿ. ಬರೆಯುವ ಬಗೆ

ಪೀಠಿಕೆ

ಕೇರಳದ ಶಾಲೆಗಳಿಗೆ ಮುಕ್ತ ತಂತ್ರಾಂಶವು ಹೊಸ ವಿಷಯವಲ್ಲ. 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆಯು ಗ್ನು/ಲಿನಕ್ಸನ್ನು ಶಾಲೆಗಳ ಗಣಕಯಂತ್ರಗಳಿಗೆ ತಂದಿತು. 2017ರಲ್ಲಿ ಆ ಯೋಜನೆಯು ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡ ಬಳಿಕವೂ ಅದೇ ಮಾರ್ಗವು ಮುಂದುವರಿಯಿತು. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಗಣಕದ ಮೊದಲ ಪಾಠವನ್ನು ಕಲಿಯುವುದು ಈ ವ್ಯವಸ್ಥೆಯಲ್ಲಿಯೇ.

ಆದರೆ ಈ ಶಾಲೆಗಳ ಶಿಕ್ಷಕರಿಗೆ ಬೇರೆಯವರಿಗಿಲ್ಲದ ಒಂದು ಹೊರೆಯಿದೆ. ಮಲಯಾಳದಲ್ಲಿ ಸಿದ್ಧವಾಗಿ ದೊರೆಯುವ ಧ್ವನಿಪಾಠಗಳಷ್ಟು ಕನ್ನಡದಲ್ಲಿ ದೊರೆಯುವುದಿಲ್ಲ. ಕರ್ನಾಟಕದಲ್ಲಿ ಸಿದ್ಧವಾದವು ನಮ್ಮ ಪಠ್ಯಕ್ಕೆ ಸರಿಯಾಗಿ ಹೊಂದುವುದಿಲ್ಲ. ಹೀಗಾಗಿ ಪದ್ಯವಾಚನ, ಅಜ್ಜಿಕಥೆ, ಯಕ್ಷಗಾನದ ಪದ, ಊರಿನ ಹಿರಿಯರ ಮಾತು ಇವೆಲ್ಲವನ್ನೂ ಶಿಕ್ಷಕರೇ ಧ್ವನಿಮುದ್ರಿಸಿ, ಪಾಠಕ್ಕೆ ತಕ್ಕಂತೆ ಹೊಂದಿಸಿ, ಪಕ್ಕದ ಶಾಲೆಗೂ ಹಂಚಬೇಕಾಗುತ್ತದೆ. ಹೀಗೆ ಸಿದ್ಧಪಡಿಸಿದ ಸಾಮಗ್ರಿ ಮೊಬೈಲಿನಲ್ಲಿಯೇ ಉಳಿದರೆ ಮೊಬೈಲ್ ಬದಲಾದಾಗ ಅಳಿಯುತ್ತದೆ. ಪೆನ್‌ಡ್ರೈವಿನಲ್ಲಿ ಉಳಿದರೆ ಮುಂದಿನ ಸಭೆಯ ವರದಿಗೆ ಜಾಗ ಮಾಡಲೆಂದು ಯಾರೋ ಅದನ್ನು ಅಳಿಸುತ್ತಾರೆ. ಒಮ್ಮೆ ಬರೆದು ಮುಚ್ಚಿದ ಸಿ.ಡಿ.ಯಾದರೋ ಕೈತಪ್ಪಿನಿಂದ ಅಳಿಯದು, ವೈರಸ್ಸಿನಿಂದಲೂ ಮಾರ್ಪಡದು. ಅದನ್ನು ಗ್ರಂಥಾಲಯದ ಪುಸ್ತಕದಂತೆ ಸಂಖ್ಯೆ ನೀಡಿ ದಾಖಲಿಸಬಹುದು. ಸಿ.ಡಿ.ಯ ಕಾಲ ಕಳೆಯುತ್ತಿದ್ದರೂ ಈ ಉಪಯೋಗಕ್ಕೆ ಅದು ಇನ್ನೂ ಸಲ್ಲುತ್ತದೆ.

ಶಿಕ್ಷಕರಿಂದ ಹೆಚ್ಚಾಗಿ ಕೇಳಿಬರುವ ದೂರು ಎರಡು. ಒಂದು, “ಲಿನಕ್ಸಿನಲ್ಲಿ ರೈಟರ್ ಕೆಲಸ ಮಾಡುವುದಿಲ್ಲ.” ಎರಡು, “ಇಲ್ಲಿ ಬರೆದದ್ದು ಬೇರೆ ಕಡೆ ತೆರೆಯುವುದಿಲ್ಲ.” ಈ ಎರಡಕ್ಕೂ ಕಾರಣವನ್ನು ಕ್ರಮವಾಗಿ ಹುಡುಕಿದರೆ ಉತ್ತರ ದೊರೆಯುತ್ತದೆ. ಆ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಇಲ್ಲಿ ಆದೇಶಗಳ ಮತ್ತು ಆಯ್ಕೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಆದೇಶಗಳನ್ನು ಗಣಕದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬೆರಳಚ್ಚಿಸತಕ್ಕದ್ದು.

1. ಸಿ.ಡಿ.ಯಲ್ಲಿ ನಡೆಯುವುದೇನು?

ಬರೆಯಬಲ್ಲ ಸಿ.ಡಿ.ಯು 12 ಸೆಂಟಿಮೀಟರ್ ವ್ಯಾಸದ, 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಬಿಲ್ಲೆ. ಅದರಲ್ಲಿ ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಒಂದು ಸೂಕ್ಷ್ಮ ತೋಡು ಇರುತ್ತದೆ. ತೋಡಿನ ಮೇಲೆ ಬಣ್ಣದ ಪದರ, ಅದರ ಮೇಲೆ ಪ್ರತಿಫಲಿಸುವ ಲೋಹದ ತೆಳುಪದರ, ಅದರ ಮೇಲೆ ಅರಗಿನಂತಹ ಲೇಪ. ಬರೆಯುವಾಗ ಪ್ರಬಲವಾದ ಲೇಸರ್ ಕಿರಣವು ಬಣ್ಣದ ಪದರವನ್ನು ಅಲ್ಲಲ್ಲಿ ಬಿಸಿಮಾಡುತ್ತದೆ. ಬಿಸಿಯಾದ ಜಾಗ ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ. ಓದುವಾಗ ದುರ್ಬಲವಾದ ಕಿರಣವು ಈ ವ್ಯತ್ಯಾಸವನ್ನು ಗುರುತಿಸುತ್ತದೆ. “ಬರ್ನ್ ಮಾಡುವುದು” ಎಂಬ ಮಾತು ಬಂದದ್ದು ಇದರಿಂದಲೇ.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಓದುವ ಡ್ರೈವಿಗೆ ಬರೆಯುವ ಶಕ್ತಿಯ ಲೇಸರ್ ಇಲ್ಲದಿದ್ದರೆ ಯಾವ ತಂತ್ರಾಂಶವೂ ಅದರಿಂದ ಬರೆಯಿಸಲಾರದು. ಎರಡನೆಯದು, ಸಾಮಾನ್ಯ ಸಿ.ಡಿ.ಯಲ್ಲಿ ಒಮ್ಮೆ ಸುಟ್ಟ ಜಾಗವನ್ನು ಮತ್ತೆ ಬಿಳಿಯಾಗಿಸಲು ಸಾಧ್ಯವಿಲ್ಲ. ಮೂರನೆಯದು, ಮಾಹಿತಿಯ ಪದರ ಇರುವುದು ಹೊಳೆಯುವ ಕೆಳಬದಿಯ ಸಮೀಪದಲ್ಲಲ್ಲ, ಹೆಸರು ಬರೆಯುವ ಮೇಲ್ಬದಿಗೆ ತೀರ ಹತ್ತಿರದಲ್ಲಿ. ಆದುದರಿಂದ ಮೇಲ್ಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆಯುವುದು ಕೆಳಬದಿಯ ಗೀರಿಗಿಂತ ಹೆಚ್ಚು ಅಪಾಯಕರ. ಮೃದು ಮೊನೆಯ ಮಾರ್ಕರ್ ಬಳಸತಕ್ಕದ್ದು, ಅಂಟುಚೀಟಿ ಹಚ್ಚಬಾರದು.

2. ಕೊಂಡಿಗಳು ನಾಲ್ಕು

ಸಿ.ಡಿ. ಬರೆಯಬೇಕಾದರೆ ನಾಲ್ಕು ಕೊಂಡಿಗಳು ಕೂಡಬೇಕು: ಯಂತ್ರ, ಅನುಮತಿ, ತಂತ್ರಾಂಶ, ಡಿಸ್ಕ್. ಕೆಲಸ ನಿಂತಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಲು ಹೋಗದೆ ಒಂದೊಂದನ್ನೇ ಪರೀಕ್ಷಿಸಬೇಕು. ಪರೀಕ್ಷೆಯ ಕ್ರಮವೂ ಇದೇ ಆಗಿರಲಿ.

ಅ) ಯಂತ್ರ

ಡ್ರೈವಿನ ಮುಂಭಾಗವನ್ನು ನೋಡಿರಿ. ‘ರೀರೈಟಬಲ್’ ಅಥವಾ ‘ಆರ್‌ಡಬ್ಲ್ಯೂ’ ಎಂಬ ಗುರುತಿದ್ದರೆ ಅದು ಬರೆಯಬಲ್ಲ ಡ್ರೈವ್. ಗಣಕವು ಅದನ್ನು ಗುರುತಿಸಿದೆಯೇ ಎಂದು ತಿಳಿಯಲು ಟರ್ಮಿನಲ್ ತೆರೆದು ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಅಕ್ಷರಗಳನ್ನು ಎಡೆಯಿಲ್ಲದೆ ಬೆರಳಚ್ಚಿಸಿ ಎಂಟರ್ ಒತ್ತಿರಿ. ಬರುವ ಪಟ್ಟಿಯಲ್ಲಿ ‘ಎಸ್‌ಆರ್0’ ಎಂಬ ಸಾಲಿದ್ದು, ಅದರ ಬಗೆಯನ್ನು ತೋರಿಸುವ ಕಂಬದಲ್ಲಿ ‘ರಾಮ್’ ಎಂದಿದ್ದರೆ ಕರ್ನೆಲ್ ಡ್ರೈವನ್ನು ಕಂಡಿದೆ ಎಂದರ್ಥ. ಡ್ರೈವ್ ಖಾಲಿಯಿರುವಾಗಲೂ ಅಲ್ಲಿ 1024 ಎಂ ಎಂಬ ಗಾತ್ರ ಕಾಣಿಸುವುದುಂಟು. ಅದನ್ನು ಡಿಸ್ಕಿನ ಗಾತ್ರವೆಂದು ಭಾವಿಸಬಾರದು.

ಆ ಸಾಲೇ ಇಲ್ಲವಾದರೆ ತಂತ್ರಾಂಶವನ್ನು ಮತ್ತೆ ಮತ್ತೆ ಸ್ಥಾಪಿಸುವುದರಿಂದ ಪ್ರಯೋಜನವಿಲ್ಲ. ಒಳಗಿನ ಡ್ರೈವಾದರೆ ವಿದ್ಯುತ್ತಿನ ಮತ್ತು ದತ್ತಾಂಶದ ತಂತಿಗಳು ಸಡಿಲವಾಗಿವೆಯೇ ಎಂದು ನೋಡಬೇಕು. ಯು.ಎಸ್.ಬಿ. ಮೂಲಕ ಜೋಡಿಸುವ ಹೊರಗಿನ ಡ್ರೈವಾದರೆ ವಿದ್ಯುತ್ತಿನ ಕೊರತೆಯನ್ನು ಮೊದಲು ಶಂಕಿಸಬೇಕು. ಯು.ಎಸ್.ಬಿ. 2.0 ಕಿಂಡಿಯು 500 ಮಿಲಿಆಂಪಿಯರ್ ಮಾತ್ರ ಒದಗಿಸುತ್ತದೆ. ಬರೆಯುವ ಲೇಸರಿಗೂ ತಿರುಗುವ ಮೋಟಾರಿಗೂ ಇದು ಕೆಲವೊಮ್ಮೆ ಸಾಲದು. ಓದುವಾಗ ಸರಿಯಾಗಿದ್ದು, ಬರೆಯಲು ತೊಡಗಿದಾಗ ಮಾಯವಾಗುವ ಡ್ರೈವಿನ ರೋಗ ಹೆಚ್ಚಾಗಿ ಇದೇ. ಮುಂಭಾಗದ ಕಿಂಡಿಗೆ ಬದಲಾಗಿ ಹಿಂಭಾಗದ ಕಿಂಡಿಗೆ, ಸಾಧ್ಯವಾದರೆ ಯು.ಎಸ್.ಬಿ. 3.0 ಕಿಂಡಿಗೆ ಜೋಡಿಸಿರಿ. ಉದ್ದನೆಯ ತಂತಿಯನ್ನೂ ಹಬ್ಬನ್ನೂ ಬಳಸಬೇಡಿರಿ. ಎರಡು ತಲೆಯ ತಂತಿ ಜೊತೆಗೆ ಬಂದಿದ್ದರೆ ಎರಡನ್ನೂ ಚುಚ್ಚಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. 2003ರ ಕೊನೆಗೆ ಬಿಡುಗಡೆಯಾದ ಕರ್ನೆಲ್ 2.6ಕ್ಕಿಂತ ಮೊದಲು, ಐ.ಡಿ.ಇ. ಡ್ರೈವನ್ನು ಸ್ಕಸಿ ಡ್ರೈವಿನಂತೆ ನಟಿಸುವಂತೆ ಮಾಡಬೇಕಾಗಿತ್ತು. ಅದಕ್ಕಾಗಿ ಗಣಕ ಏಳುವಾಗ ಓದುವ ಕಡತದಲ್ಲಿ ಒಂದು ಸಾಲನ್ನು ಸೇರಿಸುವ ಪದ್ಧತಿಯಿತ್ತು. ಹಳೆಯ ಟಿಪ್ಪಣಿಗಳಲ್ಲಿ ಈ ಸಲಹೆ ಇಂದಿಗೂ ಸಿಗುತ್ತದೆ. ಈಗಿನ ವ್ಯವಸ್ಥೆಗಳಿಗೆ ಅದು ಬೇಕಿಲ್ಲ. ಆ ಕಡತವನ್ನು ಮುಟ್ಟದಿರುವುದೇ ಕ್ಷೇಮ.

ಆ) ಅನುಮತಿ

ಗ್ನು/ಲಿನಕ್ಸಿನಲ್ಲಿ ಪ್ರತಿಯೊಂದು ಸಾಧನವೂ ಒಂದು ಕಡತದಂತೆ ತೋರುತ್ತದೆ. ಕಡತಕ್ಕೆ ಒಡೆಯರಿರುವಂತೆ ಸಾಧನಕ್ಕೂ ಒಡೆಯರಿದ್ದಾರೆ. ಕಡತವನ್ನು ಬಳಸಬಲ್ಲ ಗುಂಪಿರುವಂತೆ ಸಾಧನಕ್ಕೂ ಗುಂಪಿದೆ. ಡೆಬಿಯನ್ ಮತ್ತು ಉಬುಂಟು ಪರಂಪರೆಯ ವ್ಯವಸ್ಥೆಗಳಲ್ಲಿ ಸಿ.ಡಿ. ಡ್ರೈವ್ ‘ಸಿಡಿರಾಮ್’ ಎಂಬ ಗುಂಪಿಗೆ ಸೇರಿದೆ. ವ್ಯವಸ್ಥೆಯನ್ನು ಸ್ಥಾಪಿಸಿದವರ ಖಾತೆಯಲ್ಲಿ ಬರೆಯಲು ಸಾಧ್ಯವಾಗಿ, ಬಳಿಕ ಸೃಷ್ಟಿಸಿದ ಶಿಕ್ಷಕರ ಅಥವಾ ಮಕ್ಕಳ ಖಾತೆಯಲ್ಲಿ ಸಾಧ್ಯವಾಗದಿದ್ದರೆ ಕಾರಣ ಇಲ್ಲಿರಬಹುದು.

ಆ ಖಾತೆಯಿಂದ ಪ್ರವೇಶಿಸಿ ಟರ್ಮಿನಲ್ಲಿನಲ್ಲಿ ‘ಗ್ರೂಪ್ಸ್’ ಎಂದು ಬೆರಳಚ್ಚಿಸಿದರೆ ಆ ಬಳಕೆದಾರರು ಯಾವ ಯಾವ ಗುಂಪುಗಳಲ್ಲಿದ್ದಾರೆಂದು ತಿಳಿಯುತ್ತದೆ. ಸಿಡಿರಾಮ್ ಅಲ್ಲಿಲ್ಲದಿದ್ದರೆ ನಿರ್ವಾಹಕರ ಖಾತೆಯಿಂದ ‘ಸುಡೊ’, ‘ಆ್ಯಡ್‌ಯೂಸರ್’, ಬಳಕೆದಾರರ ಹೆಸರು, ‘ಸಿಡಿರಾಮ್’ ಎಂಬ ನಾಲ್ಕು ಪದಗಳನ್ನು ನಡುವೆ ಎಡೆ ಬಿಟ್ಟು ಕೊಡಬೇಕು. ಬಳಿಕ ಆ ಬಳಕೆದಾರರು ಒಮ್ಮೆ ಹೊರಬಂದು ಮರಳಿ ಪ್ರವೇಶಿಸಿದಾಗಲೇ ಬದಲಾವಣೆ ಜಾರಿಗೆ ಬರುತ್ತದೆ. ಈ ತೊಡಕನ್ನು ತಪ್ಪಿಸಲೆಂದು ಬರೆಯುವ ತಂತ್ರಾಂಶವನ್ನು ಸದಾ ನಿರ್ವಾಹಕರ ಅಧಿಕಾರದಿಂದ ನಡೆಸುವುದು ಸರಿಯಲ್ಲ. ಬೀಗ ತೆರೆಯದೆಂದು ಬಾಗಿಲನ್ನೇ ಕಿತ್ತಂತೆ ಆಗುತ್ತದೆ.

ಇ) ತಂತ್ರಾಂಶ

ಬರೆಯುವ ತಂತ್ರಾಂಶಗಳಲ್ಲಿ ಮುಖ್ಯವಾದವು ಮೂರು: ಗ್ನೋಮ್ ಪರಿಸರದ ಬ್ರಸೇರೊ, ಕೆ.ಡಿ.ಇ. ಪರಿಸರದ ಕೆ3ಬಿ, ಹಳೆಯ ಹಗುರ ಗಣಕಗಳಿಗೆ ಒಗ್ಗುವ ಎಕ್ಸ್‌ಎಫ್‌ಬರ್ನ್. ಯಾವುದೂ ಇಲ್ಲದಿದ್ದರೆ ತಂತ್ರಾಂಶ ಭಂಡಾರದಿಂದ ಉಚಿತವಾಗಿ ಸ್ಥಾಪಿಸಿಕೊಳ್ಳಬಹುದು.

ಇವು ನಮಗೆ ಕಾಣುವ ಮುಖಗಳು ಮಾತ್ರ. ನಿಜವಾದ ಕೆಲಸವನ್ನು ಹಿಂದೆ ನಿಂತ ಸಣ್ಣ ಉಪಕರಣಗಳು ಮಾಡುತ್ತವೆ. ಈ ಕ್ಷೇತ್ರದ ಮೂಲ ಉಪಕರಣ ಜರ್ಮನಿಯ ಯೋರ್ಗ್ ಶಿಲ್ಲಿಂಗ್ ಬರೆದ ‘ಸಿಡಿರೆಕಾರ್ಡ್’. ಅದರ ಪರವಾನಗಿಯನ್ನು ಕುರಿತು ಭಿನ್ನಾಭಿಪ್ರಾಯ ಉಂಟಾದಾಗ 2006ರಲ್ಲಿ ಡೆಬಿಯನ್ ಸಮುದಾಯವು ಹಿಂದಿನ ಮುಕ್ತ ಆವೃತ್ತಿಯಿಂದ ಕವಲೊಡೆದು ‘ಸಿಡಿಆರ್‌ಕಿಟ್’ ಎಂಬ ಬೇರೆ ಕಟ್ಟನ್ನು ರೂಪಿಸಿತು. ಅದರಲ್ಲಿ ಬರೆಯುವ ಉಪಕರಣದ ಹೆಸರು ‘ವೋಡಿಮ್’. ಹಳೆಯ ಪುಸ್ತಕದಲ್ಲಿ ಓದಿದ ಹೆಸರು ಇಂದಿನ ಗಣಕದಲ್ಲಿ ಸಿಗದಿರಲು ಕಾರಣವಿದು. ಪರವಾನಗಿ ಎಂಬುದು ಪೆಟ್ಟಿಗೆಯ ಮೇಲಿನ ಸಣ್ಣಕ್ಷರದ ಬರಹವಷ್ಟೇ ಅಲ್ಲ, ಒಂದು ಸಮುದಾಯದ ದಾರಿಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಮಕ್ಕಳಿಗೆ ಹೇಳಬಹುದಾದ ಒಳ್ಳೆಯ ಉದಾಹರಣೆಯೂ ಹೌದು.

ಕೆ3ಬಿಯು ತನಗೆ ಬೇಕಾದ ಉಪಕರಣ ದೊರೆಯದಿದ್ದರೆ ತೆರೆಯುವಾಗಲೇ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಓದದೆ ಮುಚ್ಚಬಾರದು. ಯಾವ ಪೊಟ್ಟಣವನ್ನು ಸ್ಥಾಪಿಸಬೇಕೆಂಬುದು ಹೆಚ್ಚಾಗಿ ಅದರಲ್ಲಿಯೇ ಇರುತ್ತದೆ. ಎಂಪಿ3 ಕಡತವನ್ನು ಸೇರಿಸಲು ಬರುವುದಿಲ್ಲ ಎಂಬ ತೊಡಕೂ ಇದೇ ಬಗೆಯದು. ಎಂಪಿ3ಯ ಮೇಲಿನ ಪೇಟೆಂಟ್ ಪರವಾನಗಿಯ ಕಟ್ಟುಪಾಡು 2017ರವರೆಗೂ ಇದ್ದುದರಿಂದ ಹಲವು ಮುಕ್ತ ವ್ಯವಸ್ಥೆಗಳು ಅದನ್ನು ಬಿಚ್ಚುವ ಭಾಗವನ್ನು ಪ್ರತ್ಯೇಕ ಪೊಟ್ಟಣವಾಗಿ ಇರಿಸಿದ್ದವು. ಅದನ್ನು ಸ್ಥಾಪಿಸಿದರೆ ತೊಡಕು ನೀಗುತ್ತದೆ.

ಈ) ಡಿಸ್ಕ್

ಸಿ.ಡಿ.-ಆರ್ ಒಮ್ಮೆ ಬರೆಯುವಂತಹುದು. ಸಿ.ಡಿ.-ಆರ್‌ಡಬ್ಲ್ಯೂ ಅಳಿಸಿ ಬರೆಯುವಂತಹುದು. ಆದರೆ ಅದು ಬೆಳಕನ್ನು ಪ್ರತಿಫಲಿಸುವ ಪ್ರಮಾಣ ಬಹಳ ಕಡಿಮೆಯಾದುದರಿಂದ ಹಳೆಯ ಪ್ಲೇಯರುಗಳು ಅದನ್ನು ಓದದಿರಬಹುದು. ಅಭ್ಯಾಸಕ್ಕೆ ಆರ್‌ಡಬ್ಲ್ಯೂ, ಹಂಚಿಕೆಗೆ ಆರ್ ಎಂಬುದು ಒಳ್ಳೆಯ ನಿಯಮ. ಸಿ.ಡಿ. ಮಾತ್ರ ಬರೆಯಬಲ್ಲ ಡ್ರೈವಿನಲ್ಲಿ ಡಿ.ವಿ.ಡಿ. ಬರೆಯಲಾಗದು ಎಂಬುದನ್ನು ಖರೀದಿಗೆ ಮೊದಲು ನೆನಪಿಡಬೇಕು.

ಬರೆಯುವ ಮೊದಲು ಡ್ರೈವ್ ತನ್ನ ಲೇಸರಿನ ಶಕ್ತಿಯನ್ನು ಡಿಸ್ಕಿನ ಒಳಸುತ್ತಿನಲ್ಲಿ ಪರೀಕ್ಷಿಸಿಕೊಳ್ಳುತ್ತದೆ. ‘ಪವರ್ ಕ್ಯಾಲಿಬ್ರೇಷನ್’ ಎಂಬ ಮಾತಿರುವ ದೋಷಸೂಚನೆ ಬಂದರೆ ಈ ಪರೀಕ್ಷೆ ವಿಫಲವಾಗಿದೆ ಎಂದರ್ಥ. ಬೇರೆ ತಯಾರಿಕೆಯ ಡಿಸ್ಕ್ ಹಾಕಿ, ವೇಗವನ್ನು ತಗ್ಗಿಸಿ ನೋಡಿರಿ. ಎಲ್ಲ ಬಗೆಯ ಡಿಸ್ಕುಗಳಲ್ಲಿಯೂ ಇದೇ ಸೂಚನೆ ಮರುಕಳಿಸಿದರೆ ಲೇಸರ್ ಮಂಕಾಗಿದೆ ಅಥವಾ ಮಸೂರಕ್ಕೆ ಧೂಳು ಕವಿದಿದೆ ಎಂದು ತಿಳಿಯಬೇಕು.

3. ಧ್ವನಿ ಸಿ.ಡಿ.ಯೋ, ದತ್ತಾಂಶ ಸಿ.ಡಿ.ಯೋ?

ತಂತ್ರಾಂಶ ತೆರೆದೊಡನೆ ಎದುರಾಗುವ ಪ್ರಶ್ನೆ ಇದು. ಉತ್ತರವನ್ನು ಕೇಳುಗರ ಯಂತ್ರ ನಿರ್ಧರಿಸುತ್ತದೆ. ಸಾಧಾರಣ ಸಿ.ಡಿ. ಪ್ಲೇಯರಿನಲ್ಲಿ ಕೇಳಿಸಬೇಕಾದರೆ ಧ್ವನಿ ಸಿ.ಡಿ.; ಗಣಕದಲ್ಲಿ ಅಥವಾ ಎಂಪಿ3 ಓದುವ ಪ್ಲೇಯರಿನಲ್ಲಿ ಕೇಳಿಸುವುದಾದರೆ ದತ್ತಾಂಶ ಸಿ.ಡಿ.

ಧ್ವನಿ ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನು ಎರಡು ಬೈಟುಗಳಲ್ಲಿ, ಎಡ ಬಲ ಎಂಬ ಎರಡು ವಾಹಿನಿಗಳಲ್ಲಿ ದಾಖಲಿಸುತ್ತಾರೆ. ಹಾಗಾಗಿ ಒಂದು ಸೆಕೆಂಡಿಗೆ 44,100 × 2 × 2 = 1,76,400 ಬೈಟುಗಳು. ಇದನ್ನು 75 ಖಂಡಗಳಾಗಿ ವಿಭಾಗಿಸಲಾಗಿದೆ. ಒಂದು ಖಂಡಕ್ಕೆ 2,352 ಬೈಟುಗಳು. ದತ್ತಾಂಶ ಸಿ.ಡಿ.ಯಲ್ಲಿ ಅದೇ ಖಂಡದಲ್ಲಿ 2,048 ಬೈಟುಗಳು ಮಾತ್ರ ನಮ್ಮ ಉಪಯೋಗಕ್ಕೆ. ಉಳಿದ 304 ಬೈಟುಗಳು ಮುಖ್ಯವಾಗಿ ದೋಷವನ್ನು ಪತ್ತೆಹಚ್ಚಿ ತಿದ್ದಲು ಮೀಸಲು. ಹಾಡಿನಲ್ಲಿ ಒಂದು ಬೈಟು ತಪ್ಪಿದರೆ ಕಿವಿಗೆ ತಿಳಿಯದು; ಕಡತದಲ್ಲಿ ತಪ್ಪಿದರೆ ಅದು ತೆರೆಯದೆಯೇ ಹೋಗಬಹುದು. ಆ ಎಚ್ಚರಕ್ಕಾಗಿ ತೆತ್ತ ಬೆಲೆಯೇ ಈ 304.

80 ನಿಮಿಷದ ಡಿಸ್ಕಿನಲ್ಲಿ 80 × 60 × 75 = 3,60,000 ಖಂಡಗಳು. ಅದನ್ನು 2,048ರಿಂದ ಗುಣಿಸಿದರೆ 73,72,80,000 ಬೈಟುಗಳು. ಡಿಸ್ಕಿನ ಮೇಲೆ ‘700 ಎಂಬಿ’ ಎಂದು ಅಚ್ಚಾಗಿರುವುದರ ಮೂಲ ಇದು.

ಈ ಲೆಕ್ಕದಿಂದ ಯೋಜನೆ ಸುಲಭವಾಗುತ್ತದೆ. ತಲಾ ನಾಲ್ಕು ನಿಮಿಷದ 30 ಪಾಠಗಳೆಂದರೆ 120 ನಿಮಿಷ. ಒಂದು ಧ್ವನಿ ಸಿ.ಡಿ.ಯಲ್ಲಿ ಹಿಡಿಯದು, ಎರಡು ಬೇಕು. ಅದನ್ನೇ ಸೆಕೆಂಡಿಗೆ 64 ಕಿಲೋಬಿಟ್, ಅಂದರೆ 8,000 ಬೈಟುಗಳ ಎಂಪಿ3 ಆಗಿ ಪರಿವರ್ತಿಸಿದರೆ ಒಂದೇ ದತ್ತಾಂಶ ಸಿ.ಡಿ.ಯಲ್ಲಿ 25 ಗಂಟೆಗೂ ಹೆಚ್ಚಿನ ಮಾತು ಹಿಡಿಯುತ್ತದೆ. ಮಾತಿನ ಧ್ವನಿಗೆ ಈ ಗುಣಮಟ್ಟ ಸಾಕು. ಚೆಂಡೆ ಮದ್ದಳೆಗಳಿರುವ ಯಕ್ಷಗಾನದ ಪದಗಳಿಗೆ ಸಾಲದು.

ಧ್ವನಿಮುದ್ರಣಕ್ಕೆ ಆಡಾಸಿಟಿ ಬಳಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಅದರಲ್ಲಿ ‘ಸೇವ್’ ಮಾಡಿದಾಗ ಉಳಿಯುವುದು ಕೆಲಸದ ಕಡತ, ಧ್ವನಿಯ ಕಡತವಲ್ಲ. ಅದನ್ನು ಸಿ.ಡಿ.ಗೆ ಹಾಕಿದರೆ ಯಾವ ಪ್ಲೇಯರಿನಲ್ಲಿಯೂ ಕೇಳಿಸದು. ‘ಎಕ್ಸ್‌ಪೋರ್ಟ್’ ಆಯ್ಕೆಯಿಂದ ಧ್ವನಿ ಸಿ.ಡಿ.ಗಾಗಿ 16 ಬಿಟ್‌ನ ವೇವ್ ಕಡತವನ್ನು, ದತ್ತಾಂಶ ಸಿ.ಡಿ.ಗಾಗಿ ಎಂಪಿ3 ಕಡತವನ್ನು ತೆಗೆಯಬೇಕು.

4. ಕಡತಗಳಿಗೆ ಕನ್ನಡದ ಹೆಸರು

“ಇಲ್ಲಿ ಬರೆದದ್ದು ಬೇರೆ ಕಡೆ ತೆರೆಯುವುದಿಲ್ಲ” ಎಂಬ ದೂರಿನ ಬೇರು ಹೆಚ್ಚಾಗಿ ಇಲ್ಲಿದೆ. ಕನ್ನಡ ಮಾಧ್ಯಮದ ಶಿಕ್ಷಕರು ವಿಶೇಷವಾಗಿ ತಿಳಿಯಬೇಕಾದ ಭಾಗವೂ ಇದುವೇ.

ಸಿ.ಡಿ.ಯಲ್ಲಿ ಕಡತಗಳನ್ನು ಜೋಡಿಸುವ ಮೂಲ ನಿಯಮ ಐ.ಎಸ್.ಒ. 9660. ಇದು 1988ರದು. ಇದರ ಮೊದಲ ಹಂತದ ಪ್ರಕಾರ ಕಡತದ ಹೆಸರು ಎಂಟು ಅಕ್ಷರಗಳನ್ನು, ವಿಸ್ತರಣೆಯು ಮೂರು ಅಕ್ಷರಗಳನ್ನು ಮೀರಬಾರದು. ಅವು ಇಂಗ್ಲಿಷಿನ ದೊಡ್ಡಕ್ಷರ, ಅಂಕಿ, ಅಡಿಗೆರೆ ಮಾತ್ರ ಆಗಿರಬೇಕು. ಈ ನಿಯಮದಲ್ಲಿ ಕನ್ನಡಕ್ಕಾಗಲಿ ಮಲಯಾಳಕ್ಕಾಗಲಿ ಸ್ಥಳವೇ ಇರಲಿಲ್ಲ. ಬಳಿಕ ಎರಡು ವಿಸ್ತರಣೆಗಳು ಬಂದವು. ಯೂನಿಕ್ಸ್ ಲೋಕದವರು ‘ರಾಕ್ ರಿಡ್ಜ್’ ಎಂಬುದನ್ನು ರೂಪಿಸಿದರು. ಮೈಕ್ರೋಸಾಫ್ಟ್ ಸಂಸ್ಥೆಯು ‘ಜೋಲಿಯೆಟ್’ ಎಂಬುದನ್ನು ರೂಪಿಸಿತು. ಎರಡರಲ್ಲಿಯೂ ಕನ್ನಡದ ಹೆಸರು ಕೊಡಬಹುದು. ಆದರೆ ಗ್ನು/ಲಿನಕ್ಸ್ ರಾಕ್ ರಿಡ್ಜನ್ನು ಓದುತ್ತದೆ. ವಿಂಡೋಸ್ ಅದನ್ನು ಓದುವುದಿಲ್ಲ, ಜೋಲಿಯೆಟ್ಟನ್ನು ಮಾತ್ರ ಓದುತ್ತದೆ.

ಪರಿಣಾಮವನ್ನು ಊಹಿಸಿರಿ. ಶಾಲೆಯ ಪ್ರಯೋಗಾಲಯದಲ್ಲಿ ಜೋಲಿಯೆಟ್ ಇಲ್ಲದೆ ಸಿ.ಡಿ. ಬರೆಯುತ್ತೇವೆ. ನಮ್ಮ ಗಣಕದಲ್ಲಿ ‘ಅಜ್ಜಿಕಥೆ’, ‘ಜೋಗುಳ’ ಎಂಬ ಹೆಸರುಗಳು ಅಂದವಾಗಿ ಕಾಣುತ್ತವೆ. ಅದೇ ಸಿ.ಡಿ.ಯನ್ನು ವಿಂಡೋಸ್ ಇರುವ ಗಣಕದಲ್ಲಿ ಹಾಕಿದರೆ ಹೆಸರಿನ ಜಾಗದಲ್ಲಿ ಅಡಿಗೆರೆಗಳ ಸಾಲು ಕಾಣುತ್ತದೆ. ಪಡೆದವರು ಡಿಸ್ಕ್ ಕೆಟ್ಟಿದೆ ಎಂದು ಬದಿಗಿಡುತ್ತಾರೆ. ಒಳಗಿನ ಧ್ವನಿಗೆ ಏನೂ ಆಗಿರುವುದಿಲ್ಲ. ಆದರೂ ಒಬ್ಬ ಹಿರಿಯರ ಕಥೆ ಯಾರಿಗೂ ಕೇಳಿಸದಂತಾಗುತ್ತದೆ. ಆದುದರಿಂದ ಕೆ3ಬಿಯಲ್ಲಿ ಕಡತವ್ಯವಸ್ಥೆಯ ಆಯ್ಕೆಗಳಿಗೆ ಹೋಗಿ ರಾಕ್ ರಿಡ್ಜ್, ಜೋಲಿಯೆಟ್ ಎರಡನ್ನೂ ಗುರುತಿಸಬೇಕು. ಬ್ರಸೇರೊ ಹೆಸರುಗಳನ್ನು ವಿಂಡೋಸಿಗೆ ಹೊಂದುವಂತೆ ಬದಲಿಸಬೇಕೇ ಎಂದು ಕೇಳಿದರೆ ಅದು ಉದ್ದವಾದ ಹೆಸರುಗಳನ್ನು ಕತ್ತರಿಸುವ ಸೂಚನೆ ಎಂದು ತಿಳಿದು, ಹಿಂದೆ ಸರಿದು ಹೆಸರುಗಳನ್ನು ನಾವೇ ಗಿಡ್ಡಗೊಳಿಸುವುದು ಮೇಲು.

ಗಿಡ್ಡ ಎಂದರೆ ಎಷ್ಟು? ಜೋಲಿಯೆಟ್ಟಿನಲ್ಲಿ ಹೆಸರಿನ ಮಿತಿ 64 ಸಂಕೇತಗಳು. ಕನ್ನಡದಲ್ಲಿ ಕಣ್ಣಿಗೆ ಕಾಣುವ ಅಕ್ಷರವೂ ಗಣಕ ಎಣಿಸುವ ಸಂಕೇತವೂ ಒಂದಲ್ಲ. ‘ಕಾಸರಗೋಡು’ ನಮಗೆ ಐದು ಅಕ್ಷರ. ಸ್ವರಚಿಹ್ನೆಗಳನ್ನು ಬೇರೆಯಾಗಿ ಎಣಿಸುವ ಯೂನಿಕೋಡಿನಲ್ಲಿ ಎಂಟು ಸಂಕೇತ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಸ, ವಿರಾಮ, ತ, ವಿರಾಮ, ರ, ಈ-ಕಾರ ಸೇರಿ ಆರು. ರಾಕ್ ರಿಡ್ಜಿನಲ್ಲಿ ಮಿತಿ 255 ಬೈಟುಗಳು; ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟುಗಳು ಬೇಕು. ಹೆಸರು 15 ಅಕ್ಷರಗಳ ಒಳಗಿದ್ದರೆ ಯಾವ ಮಿತಿಯ ಚಿಂತೆಯೂ ಇರದು.

ಹೆಸರಿಡುವಾಗ ಈ ಪದ್ಧತಿಯನ್ನು ಅನುಸರಿಸಬಹುದು:

• ಮೊದಲಿಗೆ ಎರಡಂಕಿಯ ಕ್ರಮಸಂಖ್ಯೆ ಇರಲಿ: 01, 02, 03. ಹೆಸರು ಕಾಣದಿದ್ದರೂ ಸಂಖ್ಯೆ ಕಾಣುತ್ತದೆ.
• ಎಂಪಿ3 ಪ್ಲೇಯರಿಗಾಗಿ ಬರೆಯುವ ಸಿ.ಡಿ.ಯಲ್ಲಿ ಹೆಸರು ಇಂಗ್ಲಿಷ್ ಲಿಪಿಯಲ್ಲಿಯೇ ಇರಲಿ. ಅಂತಹ ಯಂತ್ರಗಳ ಸಣ್ಣ ಪರದೆಗೆ ಕನ್ನಡ ಲಿಪಿ ಬರುವುದು ಅಪರೂಪ.
• ಸಂಖ್ಯೆ, ಪಾಠದ ಹೆಸರು, ಹೇಳಿದವರು, ಊರು, ದಿನಾಂಕ, ಅವಧಿ ಇವುಗಳ ಸೂಚಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಅದೇ ಸಿ.ಡಿ.ಯಲ್ಲಿ ಸೇರಿಸಿರಿ, ಮುದ್ರಿಸಿ ಲಕೋಟೆಯಲ್ಲಿಯೂ ಇಡಿರಿ.
• ಸೂಚಿಯನ್ನು ಯೂನಿಕೋಡಿನಲ್ಲಿಯೇ ಬೆರಳಚ್ಚಿಸಿರಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಬಗೆಯ ಅಕ್ಷರವಿನ್ಯಾಸದಲ್ಲಿರುವ ಕಡತವು ಆ ಅಕ್ಷರರೂಪಗಳಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತದೆ. ಪಿ.ಡಿ.ಎಫ್. ಆಗಿಯೂ ಒಂದು ಪ್ರತಿಯಿರಲಿ.

5. ಬರೆಯುವ ಕ್ರಮ

1. ಬೇಕಾದ ಕಡತಗಳನ್ನೆಲ್ಲ ಮೊದಲು ಗಣಕದ ಒಂದೇ ಫೋಲ್ಡರಿಗೆ ನಕಲಿಸಿರಿ. ಪೆನ್‌ಡ್ರೈವಿನಿಂದ ನೇರವಾಗಿ ಬರೆಯಬೇಡಿರಿ.
2. ಪ್ರತಿಯೊಂದು ಕಡತವನ್ನೂ ಒಮ್ಮೆ ತೆರೆದು ಕೇಳಿರಿ.
3. ಖಾಲಿ ಡಿಸ್ಕ್ ಹಾಕಿ, ತಂತ್ರಾಂಶ ತೆರೆದು, ಧ್ವನಿ ಅಥವಾ ದತ್ತಾಂಶ ಯೋಜನೆಯನ್ನು ಆರಿಸಿ, ಕಡತಗಳನ್ನು ಎಳೆದು ಸೇರಿಸಿರಿ. ಕೆಳಗಿನ ಪಟ್ಟಿ ಗಾತ್ರವನ್ನು ತೋರಿಸುತ್ತದೆ. ಅಂಚಿನವರೆಗೂ ತುಂಬದೆ ಸ್ವಲ್ಪ ಬಿಡಿರಿ.
4. ವೇಗವನ್ನು ಮಧ್ಯಮದಲ್ಲಿಡಿರಿ. ಸಿ.ಡಿ.ಯ ಒಂದು ಪಟ್ಟು ವೇಗವೆಂದರೆ ಸೆಕೆಂಡಿಗೆ 75 ಖಂಡ. 16 ಪಟ್ಟಿನಲ್ಲಿ 80 ನಿಮಿಷದ ಡಿಸ್ಕ್ ಸುಮಾರು ಐದು ನಿಮಿಷಗಳಲ್ಲಿ ಮುಗಿಯುತ್ತದೆ. ಗರಿಷ್ಠ ವೇಗದಿಂದ ಉಳಿಯುವುದು ಎರಡು ಮೂರು ನಿಮಿಷ. ಹಳೆಯ ಡ್ರೈವಿನಲ್ಲಿ ಹೋಗಬಹುದಾದುದು ಇಡೀ ಡಿಸ್ಕ್.
5. ಹಂಚುವ ಸಿ.ಡಿ.ಯನ್ನು ಮುಚ್ಚಿರಿ. ಮುಂದೆ ಸೇರಿಸಲೆಂದು ತೆರೆದಿಟ್ಟ ಡಿಸ್ಕನ್ನು ಹಲವು ಪ್ಲೇಯರುಗಳು ಓದುವುದಿಲ್ಲ.
6. ಕೆ3ಬಿಯಲ್ಲಿ ಬರೆದುದನ್ನು ಪರಿಶೀಲಿಸುವ ಆಯ್ಕೆಯನ್ನು ಮೊದಲೇ ಗುರುತಿಸಿರಿ. ಬ್ರಸೇರೊದಲ್ಲಿ ಬರೆದ ಬಳಿಕ ಸಮಗ್ರತೆಯ ತಪಾಸಣೆಯನ್ನು ನಡೆಸಿರಿ.
7. ಬರೆಯುತ್ತಿರುವಾಗ ಭಾರವಾದ ಬೇರೆ ಕೆಲಸಗಳನ್ನು ಗಣಕಕ್ಕೆ ಕೊಡಬೇಡಿರಿ. ಯು.ಪಿ.ಎಸ್. ಇಲ್ಲದ ಗಣಕದಲ್ಲಿ ಗುಡುಗುಮಳೆಯ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿರಿ.

ತಂತ್ರಾಂಶ “ಯಶಸ್ವಿ” ಎಂದುದನ್ನೇ ಕೊನೆಯ ಮಾತಾಗಿ ಭಾವಿಸಬಾರದು. ಬರೆದ ಡ್ರೈವ್ ತನ್ನ ಬರಹವನ್ನು ತಾನು ಸುಲಭವಾಗಿ ಓದಿಕೊಳ್ಳುತ್ತದೆ. ಬೇರೊಂದು ಗಣಕದಲ್ಲಿ, ಸಾಧ್ಯವಾದರೆ ವಿಂಡೋಸ್ ಇರುವುದರಲ್ಲಿ, ಡಿಸ್ಕನ್ನು ತೆರೆದು ಮೊದಲ, ನಡುವಣ ಮತ್ತು ಕೊನೆಯ ಕಡತಗಳನ್ನು ಕೇಳಿ ನೋಡಬೇಕು. ಬರಹವು ಒಳಗಿನಿಂದ ಹೊರಕ್ಕೆ ಸಾಗುವುದರಿಂದ ತುಂಬಿದ ಡಿಸ್ಕಿನಲ್ಲಿ ದೋಷಗಳು ಮೊದಲು ಕಾಣುವುದು ಹೆಚ್ಚಾಗಿ ಹೊರ ಅಂಚಿನಲ್ಲಿರುವ ಕೊನೆಯ ಕಡತಗಳಲ್ಲಿ.

6. ಲಕ್ಷಣ ಮತ್ತು ಪರಿಹಾರ

• ಪಟ್ಟಿಯಲ್ಲಿ ಡ್ರೈವೇ ಇಲ್ಲ: ತಂತಿ, ವಿದ್ಯುತ್, ಯು.ಎಸ್.ಬಿ. ಕಿಂಡಿ ಪರೀಕ್ಷಿಸಿರಿ.
• ಡ್ರೈವ್ ಇದೆ, “ಅನುಮತಿ ಇಲ್ಲ” ಎಂಬ ಸೂಚನೆ: ಸಿಡಿರಾಮ್ ಗುಂಪಿಗೆ ಸೇರಿಸಿ, ಮರಳಿ ಪ್ರವೇಶಿಸಿರಿ.
• “ಸಾಧನ ಬಿಡುವಾಗಿಲ್ಲ” ಎಂಬ ಸೂಚನೆ: ಡಿಸ್ಕನ್ನು ಬೇರೆ ಕಿಟಕಿಯೋ ತಂತ್ರಾಂಶವೋ ಹಿಡಿದಿದೆ, ಅದನ್ನು ಮುಚ್ಚಿ, ಡಿಸ್ಕನ್ನು ಅನ್‌ಮೌಂಟ್ ಮಾಡಿರಿ.
• “ಖಾಲಿ ಡಿಸ್ಕ್ ಹಾಕಿ” ಎಂದು ಕೇಳುತ್ತಲೇ ಇದೆ: ಡಿಸ್ಕ್ ಮೊದಲೇ ಮುಚ್ಚಿದ್ದಾಗಿರಬಹುದು, ಅಥವಾ ಸಿ.ಡಿ. ರೈಟರಿಗೆ ಡಿ.ವಿ.ಡಿ. ಹಾಕಿರಬಹುದು.
• ಗಣಕದಲ್ಲಿ ಕೇಳುತ್ತದೆ, ಪ್ಲೇಯರಿನಲ್ಲಿ ಇಲ್ಲ: ದತ್ತಾಂಶ ಸಿ.ಡಿ. ಆಗಿದೆ, ಮುಚ್ಚಿಲ್ಲ, ಅಥವಾ ಆರ್‌ಡಬ್ಲ್ಯೂ ಡಿಸ್ಕ್.
• ಕಡತದ ಹೆಸರು ಅಡಿಗೆರೆಗಳಾಗಿವೆ: ಜೋಲಿಯೆಟ್ ಗುರುತಿಸಿ ಹೊಸದಾಗಿ ಬರೆಯಿರಿ.

7. ಸಂರಕ್ಷಣೆ ಮತ್ತು ಹೊಣೆ

ಸಿ.ಡಿ. ಶಾಶ್ವತವಲ್ಲ. ಬಣ್ಣದ ಪದರವು ಬಿಸಿಲಿಗೂ ಶಾಖಕ್ಕೂ ಕಾಲಕ್ರಮದಲ್ಲಿ ಮಂಕಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದ ತೇವವೂ ಅದಕ್ಕೆ ಒಳ್ಳೆಯದಲ್ಲ. ಡಿಸ್ಕುಗಳನ್ನು ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಕಿಟಕಿಯಿಂದ ದೂರದ ಒಣ ಕಪಾಟಿನಲ್ಲಿಡಬೇಕು. ಮುಖ್ಯವಾದುದನ್ನು ಬೇರೆ ಬೇರೆ ತಯಾರಿಕೆಯ ಎರಡು ಡಿಸ್ಕುಗಳಲ್ಲಿ ಬರೆದು, ಒಂದನ್ನು ಶಾಲೆಯಲ್ಲಿ, ಇನ್ನೊಂದನ್ನು ಬೇರೆ ಸ್ಥಳದಲ್ಲಿ ಇಡಬೇಕು. ಗಣಕದ ಹಾರ್ಡ್ ಡಿಸ್ಕಿನಲ್ಲಿಯೂ ಒಂದು ಪ್ರತಿ ಇರಬೇಕು. ವರ್ಷಕ್ಕೊಮ್ಮೆ ತೆರೆದು ನೋಡಿ, ಓದಲು ತಡವಾಗುತ್ತಿದ್ದರೆ ಹೊಸ ಡಿಸ್ಕಿಗೆ ನಕಲಿಸಬೇಕು.

ತಂತ್ರಾಂಶ ಮುಕ್ತವೆಂದ ಮಾತ್ರಕ್ಕೆ ಅದರಿಂದ ನಕಲಿಸುವುದೆಲ್ಲ ಮುಕ್ತವಲ್ಲ ಎಂಬುದನ್ನೂ ನೆನಪಿಡಬೇಕು. ಮಾರುಕಟ್ಟೆಯ ಧ್ವನಿಮುದ್ರಿಕೆಗಳನ್ನು ನಕಲಿಸಿ ಹಂಚಬಾರದು. ನಾವೇ ಧ್ವನಿಮುದ್ರಿಸಿದುದಕ್ಕೂ ಹೇಳಿದವರ ಒಪ್ಪಿಗೆ ಬೇಕು. ಮಕ್ಕಳ ಧ್ವನಿಯಾದರೆ ಪೋಷಕರ ಒಪ್ಪಿಗೆ ಬೇಕು.

8. ತರಗತಿಯ ಚಟುವಟಿಕೆ

ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಮಕ್ಕಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿರಿ. ಮೊದಲ ಗುಂಪು ಮನೆಯ ಅಥವಾ ನೆರೆಯ ಹಿರಿಯರಿಂದ ಒಂದು ಕಥೆ, ಒಂದು ಒಗಟು, ಒಂದು ಹಾಡನ್ನು ಧ್ವನಿಮುದ್ರಿಸಲಿ. ಎರಡನೆಯ ಗುಂಪು ಅದನ್ನು ಆಡಾಸಿಟಿಯಲ್ಲಿ ತಿದ್ದಿ ಪರಿವರ್ತಿಸಲಿ. ಮೂರನೆಯದು ಅವಧಿ ಮತ್ತು ಗಾತ್ರದ ಲೆಕ್ಕ ಹಾಕಿ ಸೂಚಿಯನ್ನು ಬರೆಯಲಿ. ಹೇಳಿದವರು ಬಳಸಿದ ಪ್ರಾದೇಶಿಕ ಪದಗಳಿಗೆ ಅರ್ಥವನ್ನೂ ಕೊಡಲಿ. ನಾಲ್ಕನೆಯದು ಸಿ.ಡಿ. ಬರೆದು ಪರಿಶೀಲಿಸಲಿ. ಭಾಷೆ, ಗಣಿತ, ವಿಜ್ಞಾನ, ಗಣಕ ನಾಲ್ಕೂ ಇಲ್ಲಿ ಒಂದೇ ಕೆಲಸದಲ್ಲಿ ಕೂಡುತ್ತವೆ.

ಚರ್ಚೆಗೆ ಪ್ರಶ್ನೆಗಳು: (1) ನಿಮ್ಮ ಊರಿನ ಹೆಸರು ಯೂನಿಕೋಡಿನಲ್ಲಿ ಎಷ್ಟು ಸಂಕೇತ? ಎಷ್ಟು ಬೈಟು? (2) 45 ನಿಮಿಷದ ಧ್ವನಿ ಸಿ.ಡಿ.ಗೆ ಎಷ್ಟು ಖಂಡಗಳು ಬೇಕು? (3) ದತ್ತಾಂಶ ಸಿ.ಡಿ.ಯು 304 ಬೈಟುಗಳನ್ನು ಬಿಟ್ಟುಕೊಡುವುದೇಕೆ?

ಹೀಗೆ ಸಿದ್ಧವಾದ ಮೊದಲ ಸಿ.ಡಿ.ಯನ್ನು ಶಾಲೆಯ ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಸಂಖ್ಯೆ ನೀಡಿ ಸೇರಿಸಿರಿ; ಎರಡನೆಯ ಪ್ರತಿಯನ್ನು ಕಥೆ ಹೇಳಿದ ಹಿರಿಯರ ಮನೆಗೆ ಮಕ್ಕಳ ಕೈಯಲ್ಲಿಯೇ ತಲುಪಿಸಿರಿ.